ಬಿಳಿ ಅಂಗಿಯೋ, ನೀಲಿ ಅಂಗಿಯೋ?

ಮೈಸೂರಿನ ಸರಸ್ವತಿಪುರಂನಲ್ಲಿ ಬೆಳಗಿನ ಆರೂವರೆಗೆ ಬೀದಿಗಳಿನ್ನೂ ಒದ್ದೆಯಾಗಿರುತ್ತವೆ. ಅಂಗಳಕ್ಕೆ ನೀರು ಚಿಮುಕಿಸಿ ಎಳೆದ ರಂಗೋಲಿ ಆಗಷ್ಟೇ ಆರುತ್ತಿರುತ್ತದೆ, ಗೇಟಿಗೆ ಸಿಕ್ಕಿಸಿದ ಬಟ್ಟೆಚೀಲದಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟು, ಯಾರ ಮನೆಯಿಂದಲೋ ಸಾಸಿವೆ ಸಿಡಿದ ವಾಸನೆ. ನಂಜನಗೂಡಿನ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಹೆಂಗಸರು ತಿಂಡಿಡಬ್ಬಿಯ ಕೈಚೀಲ ತೂಗಾಡಿಸಿಕೊಂಡು ಒಬ್ಬೊಬ್ಬರಾಗಿ ಒಂದೊಂದು ಗೇಟು ಸರಿಸಿ ಒಳಗೆ ಹೋಗುವುದು ಇದೇ ಹೊತ್ತಿನಲ್ಲಿ. ಪಾತ್ರೆ ತೊಳೆಯಲು ಬಂದವರಲ್ಲ ಇವರು. ಹಾಸಿಗೆ ಹಿಡಿದವರ ಮೈ ಒರೆಸಿ, ತಲೆ ಬಾಚಿ, ಮಲಮೂತ್ರ ತೆಗೆದು, ತುತ್ತು ಉಣ್ಣಿಸುವವರು. ಏಜೆನ್ಸಿಯ ರಿಜಿಸ್ಟರಿನಲ್ಲಿ ಅಟೆಂಡೆಂಟ್, ಮನೆಯವರ ಬಾಯಲ್ಲಿ ಸಿಸ್ಟರ್. ಅಂಥ ಒಬ್ಬರ ಹಿಂದೆ ನಾವೂ ಹೋಗೋಣ. ಚಪ್ಪಲಿ ಹೊರಗಿರಲಿ, ಮಾತು ಬೇಡ.

ಒಳಕೋಣೆಯಲ್ಲಿ ಫಿನಾಯಿಲು, ವಿಕ್ಸು, ರಾತ್ರಿಯ ಮೂತ್ರ ಮೂರೂ ಬೆರೆತ ಮಂಕು ವಾಸನೆ. ಸಿಸ್ಟರ್ ಮೂಗು ಮುರಿಯುವುದಿಲ್ಲ, ಬಂದವರೇ ಸರಕ್ಕನೆ ಹೊದಿಕೆ ಎಳೆಯುವುದೂ ಇಲ್ಲ. ತೆರೆದೇ ಇರುವ ಬಾಗಿಲನ್ನು ಎರಡು ಸಲ ಬೆರಳಲ್ಲಿ ತಟ್ಟಿ ಒಳಗೆ ಬರುತ್ತಾರೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಮಲಗಿದವರ ಕಣ್ಣಿಗೆ ತಮ್ಮ ಕಣ್ಣು ಸಮವಾದ ಮೇಲೆಯೇ ಮಾತು. “ಮೇಷ್ಟ್ರೇ, ನಾನು ಬಂದೆ. ಕಿಟಕಿ ತೆಗೀಲಾ, ಚಳಿ ಆಯ್ತದಾ?”

“ಹೌದು.”

ಹೈಸ್ಕೂಲಿನ ಹುಡುಗರಿಗೆ ಗಣಿತ ಹೇಳಿಯೇ ಸರ್ವೀಸು ಮುಗಿಸಿದವರ ಬಾಯಲ್ಲಿ ಈಗ ಉಳಿದಿರುವುದು ಇದೊಂದೇ ಮಾತು. ಲಕ್ವ ಹೊಡೆದದ್ದು ಮಿದುಳಿನ ಎಡಭಾಗಕ್ಕೆ. ಮೈಯ ಬಲಭಾಗದ ಸ್ವಾಧೀನದ ಜತೆ ಮಾತೂ ಹೋಯಿತು. ಬೇಕು ಅನ್ನುವುದಕ್ಕೂ ಹೌದು, ಬೇಡ ಅನ್ನುವುದಕ್ಕೂ ಹೌದು. ಹುಬ್ಬು ನೋಡಿ ಅರ್ಥ ಮಾಡಿಕೊಳ್ಳಬೇಕು. ಮೈ ಒರೆಸಿ ಆದಮೇಲೆ ಸಿಸ್ಟರ್ ಬೀರುವಿನಿಂದ ಎರಡು ಅಂಗಿ ತಂದು ಎದುರಿಗೆ ಹಿಡಿಯುತ್ತಾರೆ, ಬಿಳಿಯದೊಂದು, ನೀಲಿ ಗೀಟಿನದೊಂದು. ಮೇಷ್ಟ್ರ ಎಡಗೈ ಹಾಸಿಗೆಯಿಂದ ಮೇಲೇಳುತ್ತದೆ, ಬಿಳಿಯ ಕಡೆ ಹೋಗಿ ನಿಲ್ಲುತ್ತದೆ, ಮತ್ತೆ ಯೋಚಿಸುತ್ತದೆ. “ಯಾವುದೋ ಒಂದು ಹಾಕಿಬಿಡಿ ಸಿಸ್ಟರ್, ಮನೇಲೇ ಅಲ್ವಾ ಇರೋದು” ಎಂದು ಸೊಸೆ ಅಡುಗೆಮನೆಯಿಂದಲೇ ಕೂಗುತ್ತಾರೆ. ಅವರ ಅವಸರವೂ ಸುಳ್ಳಲ್ಲ. ಮಗಳ ಸ್ಕೂಲ್ ವ್ಯಾನು ಬರುವ ಹೊತ್ತು. ಸಿಸ್ಟರ್ ಅಂಗಿಗಳನ್ನು ಹಿಡಿದುಕೊಂಡೇ ನಿಂತಿರುತ್ತಾರೆ. ಕೈ ಕೊನೆಗೆ ನೀಲಿಯನ್ನು ಮುಟ್ಟುತ್ತದೆ.

ತೊಡಿಸುವುದರಲ್ಲೂ ಒಂದು ಕ್ರಮವಿದೆ. ಸ್ವಾಧೀನವಿಲ್ಲದ ಕೈ ಮೊದಲು ತೋಳಿನೊಳಗೆ ಹೋಗಬೇಕು, ಚೆನ್ನಾಗಿರುವ ಕೈ ಆಮೇಲೆ. ಬಿಚ್ಚುವಾಗ ಇದಕ್ಕೆ ತಿರುಗಾಮುರುಗಾ. ಸೋತ ಕೈಯನ್ನು ಜಗ್ಗಿದರೆ ಭುಜದ ಕೀಲು ಸರಿದು ತಿಂಗಳುಗಟ್ಟಲೆ ನೋವು. ಗುಂಡಿಗಳಲ್ಲಿ ಮೇಲಿನ ನಾಲ್ಕನ್ನು ಸಿಸ್ಟರ್ ಹಾಕುತ್ತಾರೆ, ಕೊನೆಯದನ್ನು ಮೇಷ್ಟ್ರಿಗೆ ಬಿಡುತ್ತಾರೆ. ಎಡಗೈಯ ಹೆಬ್ಬೆರಳು ಕಾಜವನ್ನು ಹುಡುಕುತ್ತದೆ, ಜಾರುತ್ತದೆ, ಮತ್ತೆ ಹುಡುಕುತ್ತದೆ. ಕೈಹಾಕಿ ಮುಗಿಸಿಬಿಡೋಣವೆಂದು ನೋಡುತ್ತಿರುವ ನಮಗೇ ಅನ್ನಿಸುವಷ್ಟು ಹೊತ್ತು. ಆರೈಕೆಯಲ್ಲಿ ಕಷ್ಟದ ಕೆಲಸ ಮಲ ತೆಗೆಯುವುದಲ್ಲ, ಹೀಗೆ ಕೈ ಕಟ್ಟಿಕೊಂಡು ಕಾಯುವುದು ಎಂದು ನನಗೆ ಖಾತ್ರಿಯಾಗಿದೆ.

ತಿಂಡಿಯ ಹೊತ್ತಿಗೆ ಸಿಸ್ಟರ್ ಕೋಣೆಯ ಬಾಗಿಲು ಓರೆ ಮಾಡುತ್ತಾರೆ. ಮೇಷ್ಟ್ರಿಗೆ ಎಡಗೈಯಲ್ಲಿ ಉಣ್ಣುವುದನ್ನು ಯಾರಾದರೂ ನೋಡಿದರೆ ತುತ್ತು ಇಳಿಯುವುದಿಲ್ಲ. ಜೀವಮಾನವಿಡೀ ಎಡಗೈಯನ್ನು ಅಶುದ್ಧವೆಂದು ತಿಳಿದ ಮನಸ್ಸು. ಲಕ್ವ ಹೊಡೆದ ಮಾತ್ರಕ್ಕೆ ಅದು ಹೋದೀತೇ? ತುಟಿ ಬಿಗಿಹಿಡಿದು ಕೂತವರನ್ನು ಮನೆಯವರು ಹಟಮಾರಿ ಎಂದುಕೊಂಡಿದ್ದರು. ಈಗ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಬಗ್ಗಿಸಿ, ನೆತ್ತಿಗೆ ಹತ್ತದಂತೆ ಗಟ್ಟಿಯಾಗಿ ಕಾಯಿಸಿದ ರಾಗಿ ಸರಿಯ ಬಟ್ಟಲನ್ನೂ ಚಮಚವನ್ನೂ ಮುಂದಿಟ್ಟು, ಸಿಸ್ಟರ್ ಆ ಕಡೆ ತಿರುಗಿ ಬಟ್ಟೆ ಮಡಿಸುತ್ತಾ ಕಿವಿಯನ್ನಷ್ಟೇ ಇತ್ತ ಇಟ್ಟಿರುತ್ತಾರೆ. ಕೆಮ್ಮು ಬಂದರೆ ಮಾತ್ರ ತಿರುಗುವುದು. ಉಂಡ ಮೇಲೂ ಅರ್ಧ ಗಂಟೆ ಕೂರಿಸಿಯೇ ಇರಬೇಕು; ಕೂಡಲೇ ಮಲಗಿಸಿದರೆ ಅನ್ನ ಶ್ವಾಸಕೋಶದ ದಾರಿ ಹಿಡಿಯುವ ಭಯ.

ಇನ್ನೊಂದು ಮನೆ ಕುವೆಂಪುನಗರದ್ದು. ಅಲ್ಲಿಯ ಅಮ್ಮನಿಗೆ ಮರೆವಿನ ಕಾಯಿಲೆ. ಹೊಸ ಬಚ್ಚಲಿಗೆ ಕಾಲಿಟ್ಟರೆ ಸಾಕು, ಚೀರಾಟ, ಪರಚಾಟ. ಹಿಂದೆ ಬಂದಿದ್ದ ಹುಡುಗಿ ಷವರ್ ತಿರುಗಿಸಿ ನೆತ್ತಿಗೇ ನೀರು ಬಿಡುತ್ತಿದ್ದಳಂತೆ. ಎಲ್ಲಿಂದ ಸುರಿಯುತ್ತಿದೆಯೆಂದು ತಿಳಿಯದ ನೀರು, ಬೆತ್ತಲೆ ಮೈ, ಗುರುತಿಲ್ಲದ ಮುಖ, ಯಾರಾದರೂ ಪರಚಿಯಾರು. ನಮ್ಮ ಸಿಸ್ಟರ್ ಮೊದಲು ಮಾಡಿದ ಕೆಲಸ ಮಗಳನ್ನು ಕೂರಿಸಿಕೊಂಡು ಅಮ್ಮನ ಹಳೆಯ ಮನೆಯ ಬಚ್ಚಲು ಹೇಗಿತ್ತೆಂದು ಕೇಳಿದ್ದು. ಹಂಡೆ, ಸೌದೆ ಒಲೆ, ತಾಮ್ರದ ಚೊಂಬು, ಶುಕ್ರವಾರಕ್ಕೆ ಹರಳೆಣ್ಣೆ ಮತ್ತು ಸೀಗೆಪುಡಿ. ಹಂಡೆ ತರಲಾಗಲಿಲ್ಲ. ಚೊಂಬು ಅಟ್ಟದಲ್ಲಿತ್ತು, ಹುಣಸೆಹಣ್ಣು ತಿಕ್ಕಿ ಬೆಳಗಿದರು.

ಬಚ್ಚಲ ಬಾಗಿಲು ಈಗ ಮುಚ್ಚಿಕೊಂಡಿತು. ನಾವು ಇತ್ತಲೇ ನಿಲ್ಲಬೇಕು. ಬಕೆಟ್ಟಿಗೆ ನೀರು ಬೀಳುವ ಸದ್ದು, ಪ್ಲಾಸ್ಟಿಕ್ ಸ್ಟೂಲು ಸರಿದ ಸದ್ದು. “ಅಮ್ಮ, ಟವಲ್ಲು ಮೈಮೇಲೇ ಇರ್ಲಿ. ಕಾಲಿಗೆ ಒಂಚೂರು ನೀರು ಹಾಕ್ಲಾ? ನೀವೇ ನೋಡಿ, ಬಿಸಿ ಸರಿ ಇದ್ಯಾ?” ಚೊಂಬು ಬಕೆಟ್ಟಿಗೆ ತಗಲಿದ ಠಣ್ ಸದ್ದಾದರೆ ಅದು ಅಮ್ಮನ ಕೈಗೆ ಬಂದಿದೆ ಎಂದರ್ಥ. ನೀರು ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ತೋಳಿಗೆ ಹತ್ತುತ್ತದೆ. ತಲೆಯ ಸರದಿ ಕೊನೆಗೆ, ಕೆಲವು ದಿನ ಬರುವುದೇ ಇಲ್ಲ. ಸೀಗೆಯ ಘಾಟು ಬಾಗಿಲ ಸಂದಿಯಿಂದ ಹಜಾರಕ್ಕೆ ಬಂದಾಗ ಸೋಫಾದಲ್ಲಿ ಕೂತ ಮಗಳು ಸೀರಿಯಲ್ಲಿನ ದನಿ ತಗ್ಗಿಸಿ ಒಳಗಿನ ಮಾತಿಗೆ ಕಿವಿಗೊಡುತ್ತಾರೆ.

ತಲೆ ಒರೆಸಿಕೊಳ್ಳುತ್ತಾ ಹೊರಬಂದ ಅಮ್ಮ ಕೇಳುವುದು ಒಂದೇ: “ಅವರು ಆಫೀಸಿಂದ ಬಂದ್ರಾ?” ಯಜಮಾನರು ತೀರಿಕೊಂಡು ವರ್ಷಗಳಾದವು. ಹಾಗೆಂದು ಹೇಳಿದರೆ ಅಮ್ಮನಿಗೆ ಪ್ರತಿಸಲವೂ ಅದು ಹೊಸ ಸುದ್ದಿ, ಹೊಸ ಅಳು. ಬರುತ್ತಾರೆ ಎಂಬ ಸುಳ್ಳೂ ಸಿಸ್ಟರಿಗೆ ಬೇಡ. “ಅವ್ರಿಗೆ ಯಾವ ಹುಳಿ ಇಷ್ಟ ಅಮ್ಮ?” ಎಂದು ಕೇಳುತ್ತಾರೆ. ನುಗ್ಗೆಕಾಯಿ ಹುಳಿಯಿಂದ ಶುರುವಾದ ಮಾತು ಜಡೆ ಹೆಣೆದು ಮುಗಿಯುವವರೆಗೂ ನಡೆಯುತ್ತದೆ. ಪಕ್ಕದ ಮನೆಯವರು ಇಣುಕಿ “ಥೇಟ್ ಮಗು ಥರ ಆಗಿಬಿಟ್ಟಿದ್ದಾರೆ, ಪಾಪ” ಎಂದರೆ ಸಿಸ್ಟರ್ ಮುಖ ಗಂಟಿಕ್ಕುತ್ತದೆ. “ಮಗು ಅಲ್ಲ ಕಣ್ರೀ. ಎಷ್ಟು ಮದುವೆ ಮನೆ ಅಡುಗೆ ನಿಭಾಯಿಸಿರೋ ಕೈ ಅದು.”

ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ಎಂಬ ಪ್ರಾಧ್ಯಾಪಕ 1997ರಲ್ಲಿ ಒಂದು ಪುಸ್ತಕ ಬರೆದು, ರೋಗದ ಹಿಂದಿರುವ ಮನುಷ್ಯನನ್ನು ಮೊದಲು ನೋಡಿ ಎಂದು ವಾದಿಸಿದರು. ಮರೆವಿನ ಕಾಯಿಲೆಯ ಆರೈಕೆಯನ್ನು ಕಲಿಸುವ ಕಡೆಯೆಲ್ಲ ಅವರ ಹೆಸರು ಬರುತ್ತದೆ. ಸಿಸ್ಟರ್ ಆ ಹೆಸರು ಕೇಳಿದವರಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಇಂಥ ಮರೆವಿನ ಕಾಯಿಲೆ ಇದೆಯೆಂದು ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಅಷ್ಟು ಜನರಿಗೂ ಒಂದೊಂದು ಹಳೆಯ ಬಚ್ಚಲು ನೆನಪಿದ್ದೀತು.

ಮೂರನೆಯ ಮನೆಗೆ ಸಿಸ್ಟರ್ ಹೋಗುವುದಿಲ್ಲ, ಅದೇ ಏಜೆನ್ಸಿಯ ಗಂಡಾಳು ಹೋಗುತ್ತಾನೆ. ಇಪ್ಪತ್ತಾರರ ಹುಡುಗ, ತೆಂಗಿನಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಅರಿವಿಲ್ಲ. ಹೆಂಗಸರು ಬೇಡ ಎಂದದ್ದು ಅವನೇ. ಮಂಚದ ಮೇಲೆ ಲ್ಯಾಪ್‌ಟಾಪು, ಕೈಗೆಟಕುವಲ್ಲಿ ಹಿಡಿಕೆಯ ಕನ್ನಡಿ. ಬೆಳಿಗ್ಗೆ ಎದ್ದು ಅದನ್ನು ಹಿಂದಕ್ಕೆ ಹಿಡಿದು ಸೊಂಟದ ಮೂಳೆಯ ಜಾಗದಲ್ಲಿ ಚರ್ಮ ಕೆಂಪಾಗಿದೆಯೇ ಎಂದು ತಾನೇ ನೋಡಿಕೊಳ್ಳುತ್ತಾನೆ, ಏಕೆಂದರೆ ಹುಣ್ಣಾದರೂ ನೋವು ಗೊತ್ತಾಗುವುದಿಲ್ಲ. ಮಲಗಿದ್ದಾಗ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ನೀರಿನ ಬಿಸಿಯನ್ನು ಕಾಲು ಹೇಳದು, ಆಳು ಮೊಣಕೈ ಅದ್ದಿ ನೋಡಬೇಕು. ಎಲ್ಲಿ ಹಿಡಿಯಬೇಕು, ಯಾವಾಗ ಎತ್ತಬೇಕು, ಎಲ್ಲಿ ಕೈಬಿಡಬೇಕು ಎಂದು ಹೇಳುವವನು ಹುಡುಗನೇ. ಬಂದ ನೆಂಟರು ಅವನ ತಲೆಯ ಮೇಲಿಂದ ಆಳಿನ ಮುಖ ನೋಡಿ “ಊಟ ಮಾಡಿದ್ನಾ?” ಎಂದು ಕೇಳುತ್ತಾರೆ. “ಅವರನ್ನೇ ಕೇಳಿ ಸಾರ್, ಎದುರಿಗೇ ಅವ್ರಲ್ಲ” ಎಂದು ಆಳು ಯೂರಿನ್ ಬ್ಯಾಗು ಖಾಲಿ ಮಾಡಲು ಹೋಗುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೇ ಘನತೆ, ಸ್ವಂತ ಆಯ್ಕೆಯ ಸ್ವಾತಂತ್ರ್ಯ ಎಂಬ ದೊಡ್ಡ ಮಾತುಗಳಲ್ಲಿ ಬರೆದಿದೆ.

ಮಧ್ಯಾಹ್ನ ಸಿಸ್ಟರ್ ಹಿತ್ತಿಲ ಕಟ್ಟೆಯ ಮೇಲೆ ಡಬ್ಬಿ ಬಿಚ್ಚುತ್ತಾರೆ, ಮುದ್ದೆ, ಉಪ್ಪೆಸರು. ಪಕ್ಕದಲ್ಲಿ ನೂರು ಪುಟದ ನೋಟ್‌ಬುಕ್: ಎಷ್ಟು ಗಂಟೆಗೆ ಮಾತ್ರೆ, ಎಷ್ಟು ಲೋಟ ನೀರು, ಮೂತ್ರದ ಬಣ್ಣ, ಹೊಟ್ಟೆ ಹೋಯಿತೋ ಇಲ್ಲವೋ. ಕೆಲವು ಮನೆಗಳಲ್ಲಿ ಇವರ ಲೋಟ ಬೇರೆ, ಕಿಟಕಿಯ ಅಂಚಿನಲ್ಲಿ ಬೋರಲು. ರಾತ್ರಿ ಪಾಳಿಯವರು ಮಂಚದ ಕೆಳಗೆ ಚಾಪೆ ಹಾಸಿ ಅರೆಗಣ್ಣಲ್ಲಿ ಮಲಗಬೇಕು. ಸಂಬಳದಲ್ಲಿ ಏಜೆನ್ಸಿಯ ಪಾಲು ಮೊದಲೇ ಮುರಿದಿರುತ್ತದೆ. ಮನೆಯ ಆರೈಕೆಗೆಂದೇ ‘ಹೋಮ್ ಹೆಲ್ತ್ ಏಡ್’ ಎಂಬ ಸರ್ಟಿಫಿಕೇಟ್ ತರಬೇತಿ ದೇಶದಲ್ಲಿದೆ, ಆದರೂ ಹಲವರು ಮನೆಯ ಅತ್ತೆಯನ್ನೋ ಅಜ್ಜಿಯನ್ನೋ ನೋಡಿಕೊಂಡ ಅನುಭವದ ಮೇಲೇ ಬಂದವರು. ತನ್ನನ್ನು ಯಾರೂ ಹೆಸರು ಹಿಡಿದು ಕೇಳದ ಮನೆಯಲ್ಲಿ ಇನ್ನೊಬ್ಬರ ಮಾನ ಕಾಯುವ ಕೆಲಸವನ್ನು ಇವರಿಂದ ನಿರೀಕ್ಷಿಸುತ್ತೇವೆ. ನಾಚಿಕೆಯ ವಿಷಯ ಎಂದೇ ಹೇಳಬೇಕು. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಇದ್ದರು. ಇಂಥ ಕೈಗಳ ಅಗತ್ಯ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ನಿಮ್ಮ ಮನೆಗೂ ಒಬ್ಬರು ಬರುವುದಿದ್ದರೆ, ಅವರು ಬರುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಳ್ಳಿ. ಮಾತ್ರೆಗಳ ಪಟ್ಟಿ ಡಾಕ್ಟರು ಕೊಟ್ಟಿರುತ್ತಾರೆ, ಅದು ಬೇರೆ ಇರಲಿ. ಅಪ್ಪನನ್ನು ಊರಲ್ಲಿ ಏನೆಂದು ಕರೆಯುತ್ತಿದ್ದರು, ಅಮ್ಮನ ಕಾಫಿಗೆ ಸಕ್ಕರೆ ಎಷ್ಟು, ಸ್ನಾನ ತಿಂಡಿಗೆ ಮುಂಚೆಯೋ ಆಮೇಲೋ, ಹಣೆಗೆ ಏನು ಇಟ್ಟುಕೊಳ್ಳುತ್ತಿದ್ದರು, ಯಾವ ಸದ್ದಿಗೆ ಹೆದರುತ್ತಾರೆ, ಯಾರ ಮುಂದೆ ಸಂಕೋಚ ಎಂದೆಲ್ಲ ಬರೆಯಿರಿ. ಸಾಧ್ಯವಾದರೆ ಅವರನ್ನೇ ಕೇಳಿಕೊಂಡು ಬರೆಯಿರಿ. ಬಂದವರ ಹೆಸರು ಕೇಳಿ, ಹಾಳೆಯನ್ನು ಕೈಗೆ ಕೊಡಿ. ಹಿರಿಯರ ವಿಷಯದಲ್ಲಿ ದಿಕ್ಕು ತೋಚದೆ ಇದ್ದರೆ ಸರ್ಕಾರದ ಎಲ್ಡರ್‌ಲೈನ್ ಸಹಾಯವಾಣಿ 14567, ಕರೆಗೆ ಕಾಸಿಲ್ಲ.