ಗುಡ್ಡ ಕಡಿಯುವ ಮುನ್ನ ನಮ್ಮನ್ನು ಕೇಳಿದವರು ಯಾರು?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆಬದಿಯ ಚಹಾದಂಗಡಿಯನ್ನೂ ನಿಂತಿದ್ದ ಲಾರಿಗಳನ್ನೂ ಮಣ್ಣು ಗಂಗಾವಳಿಗೆ ದೂಡಿತು. ಉಕ್ಕಿದ ನದಿ ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. 11 ಮಂದಿ ಸತ್ತರು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲೂ ಮಳೆಗೆ ಗುಡ್ಡ ಜಾರಿ 19 ಮಂದಿ ಮಣ್ಣುಪಾಲಾಗಿದ್ದರು.

ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ ಇದ್ದರೆ, ಅದರಡಿ ಸಾಮಾನ್ಯವಾಗಿ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಭಾರ ಹೊರುವ ಈ ಪದರ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಹೆದ್ದಾರಿ ಅಗಲಿಸಲು ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆಯೇ ಉಳಿಯುವುದಿಲ್ಲ. ಹಾಗೆ ಕಡಿದ ಇಳಿಜಾರುಗಳು ಈ ಹೆದ್ದಾರಿಯ ಪಕ್ಕದಲ್ಲಿ ಇನ್ನೂ ನಿಂತಿವೆ. ಮುಂದಿನ ದೊಡ್ಡ ಮಳೆಗೆ ಅವೂ ಜಾರಬಹುದು.

ಈ ರಸ್ತೆಯ ವೆಚ್ಚ ಹೊರುವವರು ನಾವು. ಪೆಟ್ರೋಲ್, ಡೀಸೆಲ್ ಮೇಲೆ ಸೆಸ್ ಕಟ್ಟುತ್ತೇವೆ, ಹಟ್ಟಿಕೇರಿಯಲ್ಲಿ ಟೋಲ್ ಕೊಡುತ್ತೇವೆ. ಗುಡ್ಡವನ್ನು ಎಷ್ಟು ಇಳುಕಲಾಗಿ ಕಡಿಯಬೇಕು, ತಡೆಗೋಡೆಗೂ ಚರಂಡಿಗೂ ಎಷ್ಟು ಹಣ ಇಡಬೇಕು ಎಂಬ ತೀರ್ಮಾನದಲ್ಲಿ ಮಾತ್ರ ನಮಗೆ ಪಾಲಿಲ್ಲ. ಲೋಕಸಭೆಯಲ್ಲಿ ಹಲವು ಇಲಾಖೆಗಳ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಟ್ಟಿಗೆ ಅಂಗೀಕಾರವಾಗುತ್ತವೆ. ಮಹಾಲೇಖಪಾಲರ ವರದಿ ಬರುವುದು ಹಣ ಖರ್ಚಾದ ಮೇಲೆ. ಗ್ರಾಮಸಭೆಯ ಯೋಜನೆ ಪಂಚಾಯಿತಿಯ ಕೆಲಸಗಳಿಗೆ ಸೀಮಿತ. ಊರ ನಡುವೆ ಹಾಯುವ ಹೆದ್ದಾರಿ ಅದರ ಕೈಗೆ ಎಟುಕದು.

ಉಳಿದಿರುವುದು 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆ. ಅಲ್ಲಿ ಮಾತು ದಾಖಲಾಗುತ್ತದೆ, ಮತ ಎಣಿಸುವುದಿಲ್ಲ. 4,119 ಕೋಟಿ ರೂಪಾಯಿ ಅಂದಾಜಿನ ಕೇಣಿ ಬಂದರಿನ ಬಗ್ಗೆ 2025ರ ಆಗಸ್ಟ್‌ನಲ್ಲಿ ಅಂಕೋಲಾದಲ್ಲಿ ನಡೆದ ಸಭೆಯಲ್ಲಿ ಮೀನುಗಾರರು ಬಲವಾಗಿ ವಿರೋಧಿಸಿದರು. ಆ ವಿರೋಧಕ್ಕೆ ಯೋಜನೆಯನ್ನು ತಡೆಯುವ ಅಧಿಕಾರ ಕಾನೂನಿನಲ್ಲಿಲ್ಲ. ಖಾಸಗಿ ಬಂಡವಾಳದ ಬಂದರಿಗೂ ರಸ್ತೆ, ರೈಲು ಸಂಪರ್ಕ ಬೇಕು. ಅದಕ್ಕೆ ಮತ್ತೆ ನೆಲ ಬೇಕು, ಗುಡ್ಡ ಕಡಿಯಬೇಕಾಗಬಹುದು.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲೇ ಬಜೆಟ್ಟಿನ ಒಂದು ಭಾಗವನ್ನು ನಾಗರಿಕ ಸಭೆಗಳ ತೀರ್ಮಾನಕ್ಕೆ ಒಪ್ಪಿಸಿತು. ನಮ್ಮಲ್ಲಿ ಅಷ್ಟು ದೂರ ಹೋಗದೆಯೂ ಶುರು ಮಾಡಬಹುದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಇಲಾಖೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು. ಇಳಿಜಾರಿನ ಸ್ಥಿರತೆಯ ವರದಿಯನ್ನೂ ತಡೆಗೋಡೆಯ ಖರ್ಚನ್ನೂ ಕನ್ನಡದಲ್ಲಿ ನಮ್ಮ ಮುಂದಿಡಿ ಎಂದು ಕಾರವಾರ, ಅಂಕೋಲಾದ ಪ್ರತಿ ಗ್ರಾಮಸಭೆಯೂ ಮಳೆಗಾಲಕ್ಕೆ ಮುಂಚೆ ಠರಾವು ಮಾಡಲಿ. ಹೆಣ ಹುಡುಕುವುದಕ್ಕೆ ಮಾಡುವ ಖರ್ಚನ್ನು ಜೀವ ಉಳಿಸುವುದಕ್ಕೆ ಮೊದಲೇ ಮಾಡಿ ಎಂದು ಕೇಳುವುದು ತೆರಿಗೆ ಕಟ್ಟುವವರ ಹಕ್ಕು.