ಐದೂವರೆ ಗಂಟೆಯ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು. ಹಾಗಾಗಿ ಕಂಪ್ಯೂಟರಿನ ಗಡಿಯಾರ ತಪ್ಪಿದರೆ ಮೊದಲ ಅನುಮಾನ ಕರೆಂಟಿನ ಮೇಲೆ, ಆಮೇಲಿನದು ಮದರ್‌ಬೋರ್ಡಿನ ಬ್ಯಾಟರಿಯ ಮೇಲೆ. ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡ ಯಂತ್ರದಲ್ಲಿ ಈ ಅನುಮಾನ ಬಹುಪಾಲು ಸುಳ್ಳು. ಗಡಿಯಾರ ಎಷ್ಟು ತಪ್ಪಿದೆ ಎಂಬುದನ್ನು ಮೊದಲು ನೋಡಬೇಕು. ಸಂಜೆ 4 ಗಂಟೆಗೆ ಲಿನಕ್ಸ್ ಮುಚ್ಚಿ ವಿಂಡೋಸ್ ತೆರೆದಾಗ ಬೆಳಿಗ್ಗೆ 10.30 ಎಂದು ತೋರಿಸಿದರೆ, ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಭಾರತೀಯ ಕಾಲಮಾನಕ್ಕೂ ಜಾಗತಿಕ ಸಮಯವಾದ ಯುಟಿಸಿಗೂ ಇರುವ ಅಂತರವೇ ಅದು. ಕೆಟ್ಟ ಬ್ಯಾಟರಿಗೆ ಇಷ್ಟು ಕರಾರುವಾಕ್ಕಾಗಿ ತಪ್ಪಲು ಬರುವುದಿಲ್ಲ. ಬ್ಯಾಟರಿ ಸತ್ತರೆ ತಾರೀಖೇ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ತುಸು ಎಡವಿದರೆ ದಿನಕ್ಕೆ ಕೆಲವು ಸೆಕೆಂಡು ಹೆಚ್ಚುಕಡಿಮೆಯಾದೀತು, ಅಷ್ಟೆ.

ಕರೆಂಟಿಲ್ಲದಾಗಲೂ ನಡೆಯುವ ಆ ಗಡಿಯಾರದಲ್ಲಿ ಗಂಟೆ, ನಿಮಿಷ ಇರುತ್ತವೆ, ಅದು ಎಲ್ಲಿಯ ಸಮಯ ಎಂಬುದು ಇರುವುದಿಲ್ಲ. ಡಾಸ್ ಕಾಲದ ರೂಢಿ ಬಿಡದ ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದಿದರೆ, ಯುನಿಕ್ಸ್ ಸಂಪ್ರದಾಯದ ಲಿನಕ್ಸ್ ಯುಟಿಸಿ ಎಂದು ಓದುತ್ತದೆ. ಇಂಟರ್ನೆಟ್ ಸಿಕ್ಕೊಡನೆ ಸರಿಹೋಗುತ್ತದಲ್ಲ ಎನ್ನಬಹುದು. ಒಂದರಲ್ಲಿ ಸರಿಹೋದದ್ದೇ ಇನ್ನೊಂದರಲ್ಲಿ ಮತ್ತೆ ತಪ್ಪುತ್ತದೆ. ನೆಟ್‌ವರ್ಕ್ ಇಲ್ಲದ ಮಳೆಯ ದಿನ ಕಡತಗಳ ಮೇಲೆಲ್ಲ ಸುಳ್ಳು ಸಮಯ ಬೀಳುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಆದೇಶ ಕೊಟ್ಟರೆ ಅದೂ ಸ್ಥಳೀಯ ಸಮಯಕ್ಕೆ ಒಗ್ಗಿಕೊಳ್ಳುತ್ತದೆ. ಇದು ಸರಿಯಾದ ಕ್ರಮವಲ್ಲ ಎಂದು ಲಿನಕ್ಸೇ ಎಚ್ಚರಿಸುತ್ತದೆ, ಬಲ್ಲವರೂ ಆಕ್ಷೇಪಿಸುತ್ತಾರೆ. ಆದರೆ ಅವರ ಮುಖ್ಯ ಭಯ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಗಡಿಯಾರ ತಿದ್ದುವ ಯುರೋಪ್, ಅಮೆರಿಕದಂಥ ಕಡೆಯದು. ವರ್ಷವಿಡೀ ಒಂದೇ ಕಾಲಮಾನವಿರುವ ನಮ್ಮಲ್ಲಿ ಆ ತೊಡಕಿಲ್ಲ.

ಇಂಥ ಯಂತ್ರದಲ್ಲಿ ಇನ್ನೊಂದು ತಕರಾರೂ ಇದೆ: ವಿಂಡೋಸ್ ಶಟ್‌ಡೌನ್ ಮಾಡಿ ಬಂದರೂ ಅದರ ಡಿಸ್ಕಿನಲ್ಲಿ ಲಿನಕ್ಸಿನಿಂದ ಬರೆಯಲಾಗುವುದಿಲ್ಲ. ಅದರ ಬೇರು ಬೇರೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ವಿಚಿತ್ರವೆಂದರೆ ರೀಸ್ಟಾರ್ಟ್ ಒತ್ತಿದಾಗಲೇ ಅದು ನಿಜವಾಗಿ ಮುಚ್ಚುವುದು! ಹೀಗೆ ಅರೆಬರೆ ಮುಚ್ಚಿದ ಡಿಸ್ಕಿನಲ್ಲಿ ಲಿನಕ್ಸ್ ಸಾಮಾನ್ಯವಾಗಿ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಇದು ಲಿನಕ್ಸಿನ ದೋಷವಲ್ಲ, ಕಡತ ಕೆಡದಿರಲೆಂಬ ಜಾಗ್ರತೆ. ಬಲವಂತವಾಗಿ ಬರೆಯಿಸಲು ಹೋಗಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ಪಿನ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಕೆಲವೇ ಸೆಕೆಂಡು ತಡವಾದೀತು. ಇಷ್ಟಾದ ಮೇಲೂ ತಾರೀಖು ಹಿಂದಕ್ಕೆ ಓಡುತ್ತಿದ್ದರೆ ಮಾತ್ರ ಬ್ಯಾಟರಿ ಬದಲಿಸಿ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ.