ಪಡಸಾಲೆಯೊಳಗಿನ ಬುಲೆಟ್

ಕೊಟ್ಟೂರಿನ ಓಣಿಗಳಲ್ಲಾಗಲಿ ಹರಪನಹಳ್ಳಿಯ ಹಳೇ ಪೇಟೆಯಲ್ಲಾಗಲಿ ಮಾಳಿಗೆ ಮನೆ ಕಟ್ಟಿಸಿದ ಹಿರಿಯರಿಗೆ ಬೈಕಿನ ಕನಸು ಬಿದ್ದಿರಲಾರದು. ಆಗ ತಲೆಬಾಗಿಲು ದಾಟಿ ಒಳಗೆ ಬರುತ್ತಿದ್ದದ್ದು ಎತ್ತು, ಎಮ್ಮೆ. ಅವು ತಾವೇ ನಡೆದು ಬರುತ್ತಿದ್ದವು. ಈಗ ಅದೇ ಬಾಗಿಲಲ್ಲಿ ಬುಲೆಟ್ ಒಳಗೆ ಹೋಗಬೇಕು. ಕ್ಲಾಸಿಕ್ 350 ಆದರೆ ತೂಕ 195 ಕೆಜಿ, ಉದ್ದ ಏಳಡಿ, ಕನ್ನಡಿ ಬಿಟ್ಟು ಹ್ಯಾಂಡಲ್ಲಿನ ಅಗಲವೇ ಎರಡೂವರೆ ಅಡಿಗೆ ಮೇಲೆ. ಬಾಗಿಲು ಮೂರಡಿ.

ಇದನ್ನು ದಿನಾ ಮಾಡುವವರನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಎಷ್ಟೋ ಜನ ಸಣಕಲು ಮೈಯವರು. "ಕೈಗ್ ಕೊಡಬ್ಯಾಡ್ರಿ, ಸೊಂಟಕ್ ಕೊಡ್ರಿ" ಎನ್ನುತ್ತಾರೆ ಕೂಡ್ಲಿಗಿ ಕಡೆಯ ಮೇಸ್ತ್ರಿಗಳು. ಇಡೀ ವಿದ್ಯೆ ಆ ಮಾತಿನಲ್ಲೇ ಇದೆ. ಗಾಡಿ ನೆಟ್ಟಗೆ ನಿಂತಿರುವಾಗ ಭಾರವನ್ನೆಲ್ಲ ಚಕ್ರಗಳೇ ಹೊರುತ್ತವೆ. ನಮ್ಮ ಪಾಲಿಗೆ ಬರುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಹತ್ತು ಡಿಗ್ರಿ ವಾಲಿದರೆ ಹ್ಯಾಂಡಲ್ ಎತ್ತರದಲ್ಲಿ ಸುಮಾರು ಹದಿನೇಳು ಕೆಜಿ ತಡೆಯಬೇಕು, ಮೂವತ್ತು ಡಿಗ್ರಿಗೆ ಹತ್ತಿರ ಹತ್ತಿರ ಐವತ್ತು. ಅಷ್ಟು ದೂರ ಹೋದ ಮೇಲೆ ಪೈಲ್ವಾನನೂ ಸೋಲುತ್ತಾನೆ. ಅದಕ್ಕೇ ಬಲ್ಲವರು ಎಡಗಡೆ ನಿಂತು, ಗಾಡಿಯನ್ನು ತಮ್ಮ ಕಡೆಗೆ ಕೂದಲೆಳೆಯಷ್ಟು ವಾಲಿಸಿ, ಸೀಟಿನ ಅಂಚನ್ನು ಸೊಂಟಕ್ಕೆ ಆನಿಸಿಕೊಳ್ಳುತ್ತಾರೆ. ಬಲಗಡೆಗೆ ಬಿದ್ದರೆ ಹಿಡಿಯಲು ಅಲ್ಲಿ ಯಾರೂ ಇಲ್ಲವಲ್ಲ!

ಹಿಂದಕ್ಕೆ ತಳ್ಳುವಾಗ ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಹಿಂದಿನ ಹಿಡಿಕೆಯ ಮೇಲೆ. ಆಗ ಮುಂದಿನ ಬ್ರೇಕ್ ಕೈಗೆಟುಕದು. ಇಲ್ಲಿ ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ: ಎಂಜಿನ್ ಆಫ್ ಮಾಡಿ ಫಸ್ಟ್ ಗೇರಿನಲ್ಲಿ ಇಟ್ಟು, ಕ್ಲಚ್ ಹಿಡಿದೇ ತಳ್ಳುವುದು. ಹಿಡಿದಿರುವಷ್ಟು ಹೊತ್ತು ಗಾಡಿ ಉರುಳುತ್ತದೆ, ಬಿಟ್ಟ ಕ್ಷಣ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಕ್ಲಚ್ಚೇ ಬ್ರೇಕ್. ಮುಂದಕ್ಕೆ ತಳ್ಳುವಾಗ ಬ್ರೇಕ್ ಕೈಗೆಟುಕುತ್ತದೆ, ಆದರೆ ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಅದನ್ನು ಗಕ್ಕನೆ ಹಿಡಿದರೆ ಗಾಡಿ ತಿರುಗಿದ ಕಡೆಗೇ ಕುಸಿಯುತ್ತದೆ. ಮನೆಯೊಳಗೆ ಬಿದ್ದ ಬುಲೆಟ್ಟುಗಳಲ್ಲಿ ಹೆಚ್ಚಿನವು ಹಾಗೆ ಬಿದ್ದವೇ ಇರಬೇಕು.

ಹೊಸಿಲು ಇನ್ನೊಂದು ಪರೀಕ್ಷೆ. ಓರೆಯಾಗಿ ಹತ್ತಿಸಿದರೆ ಟೈರು ಜಾರುತ್ತದೆ, ನೇರವಾಗಿಯೇ ಬರಬೇಕು. ಹತ್ತಿಸಲು ಇಳಿಜಾರಾಗಿ ಇಡುವ ಹಲಗೆ ಉದ್ದವಿದ್ದಷ್ಟೂ ಸುಖ. ಒಂದಡಿ ಎತ್ತರಕ್ಕೆ ಆರಡಿ ಹಲಗೆಯಿಟ್ಟರೂ ಮೂವತ್ತು ಕೆಜಿಗಿಂತ ಹೆಚ್ಚು ಬಲ ಬೇಕು. ಜಾಣರು ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲಿ ನಡೆಯುತ್ತ ಹಾಫ್ ಕ್ಲಚ್ಚಿನಲ್ಲಿ ಹತ್ತಿಸಿ, ಒಳಗೆ ಬಂದೊಡನೆ ಆಫ್ ಮಾಡುತ್ತಾರೆ. ಮುಚ್ಚಿದ ಮನೆಯಲ್ಲಿ ಎಂಜಿನ್ ಓಡಿಸುತ್ತ ನಿಲ್ಲಬಾರದು. ಅದರ ಹೊಗೆಯ ವಿಷಕ್ಕೆ ವಾಸನೆಯಿಲ್ಲ.

ಡಬಲ್ ಸ್ಟ್ಯಾಂಡ್ ಹಾಕುವಾಗ ಹೊಸಬರು ಗಾಡಿಯನ್ನು ಎತ್ತಲು ಹೋಗಿ ನಡು ಹಿಡಿಸಿಕೊಳ್ಳುತ್ತಾರೆ. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ್ದು ಪಾದಕ್ಕೆ ತಿಳಿಯಬೇಕು. ಆಮೇಲೆ ಮೈಭಾರವನ್ನೆಲ್ಲ ಸ್ಟ್ಯಾಂಡ್ ತುಳಿದ ಆ ಪಾದದ ಮೇಲೆ ಬಿಟ್ಟರೆ ಸಾಕು, ಗಾಡಿ ತಾನೇ ಹಿಂದಕ್ಕೆ ಹತ್ತಿ ಕೂರುತ್ತದೆ.

ಕೊನೆಗೆ ಗೋಡೆಯ ಲೆಕ್ಕ. ಎಡಗಡೆ ಮನುಷ್ಯ ನಿಲ್ಲಬೇಕಾದ್ದರಿಂದ ಬಲಮಗ್ಗುಲನ್ನೇ ಗೋಡೆಗೆ ಕೊಡುತ್ತಾರೆ. ಆದರೆ ಬುಲೆಟ್ಟಿನ ಕಿಕ್ಕರ್ ಇರುವುದು ಬಲಕ್ಕೆ, ಸೆಲ್ಫ್ ಇಲ್ಲದ ಹಳೆಯ ಗಾಡಿಯನ್ನು ಅಂಗಳಕ್ಕೆ ಎಳೆದ ಮೇಲೆಯೇ ಒದೆಯಬೇಕು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮಾಡಿದ ಜಾವಾ, ಯೆಜ್ಡಿಗಳಿಗೆ ಈ ತಾಪತ್ರಯವಿಲ್ಲ. ಅವುಗಳ ಕಿಕ್ಕರ್ ಎಡಕ್ಕೆ, ಅದೇ ಗೇರ್ ಲಿವರ್ ಕೂಡ.